ಎಸ್ ಎಂಬ ಅಕ್ಷರ

8 ಜೂನ್ 2025, ಭಾನುವಾರ

ಜಯನಗರದ ಗೆಳತಿಯ ಮಹಡಿಯಲ್ಲಿ ಇವತ್ತೂ ಎಂಬಿಟಿಐ ಹರಟೆ, ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ನಮ್ಮ ಸ್ವಭಾವವನ್ನು ನಾಲ್ಕಕ್ಷರದಲ್ಲಿ ಹೇಳುವ ಆ ಟೆಸ್ಟಿನದು. ಹೊಸ ಹುಡುಗನೊಬ್ಬ ಬಂದಿದ್ದ, ಬ್ಯಾಂಕಿನಲ್ಲಿ ಕೆಲಸವಂತೆ. ‘ನಾನು ಐಎಸ್‌ಎಫ್‌ಜೆ’ ಅಂದ. ಯಾರಿಗೂ ಏನು ಹೇಳಬೇಕೋ ತೋಚಲಿಲ್ಲ. ಕೊನೆಗೆ ಒಬ್ಬರು, ‘ಇಷ್ಟೆಲ್ಲ ಓದಿಕೊಂಡಿದ್ದೀರಿ, ನೀವು ಎಸ್ ಆಗೋಕೆ ಸಾಧ್ಯವೇ ಇಲ್ಲ. ಇನ್ನೊಂದು ಸಲ ಟೆಸ್ಟ್ ಮಾಡಿ, ಐಎನ್‌ಎಫ್‌ಜೆ ಬರತ್ತೆ ನೋಡಿ’ ಅಂದರು. ಹೊಗಳಿಕೆ ಅಂತಲೇ ಅಂದದ್ದು. ಗುಮಾಸ್ತನಿಗೆ ಬಡ್ತಿ ಕೊಟ್ಟ ಹಾಗಿತ್ತು ದನಿ.

ಎಸ್ ಅಂದರೆ ಸೆನ್ಸಿಂಗ್: ಕಣ್ಣಿಗೆ ಕಂಡದ್ದನ್ನು, ಕೈಗೆ ಸಿಕ್ಕದ್ದನ್ನು, ಅನುಭವಕ್ಕೆ ಬಂದದ್ದನ್ನು ನೆಚ್ಚುವುದು. ಎನ್ ಅಂದರೆ ಇಂಟ್ಯೂಷನ್: ಕಂಡದ್ದರ ಹಿಂದಿನ ಸಂಬಂಧ, ಮುಂದಿನ ಸಾಧ್ಯತೆ, ಇವುಗಳತ್ತ ಮನಸ್ಸು ಹರಿಯುವುದು. ಯಾರು ಜಾಣರು ಎಂಬ ಮಾತೇ ಇದರಲ್ಲಿಲ್ಲ. ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಎರಡನ್ನೂ ಜೋಡಿಯಾಗಿಯೇ ಇಟ್ಟಿದ್ದ, ಮೇಲು ಕೀಳು ಮಾಡಿರಲಿಲ್ಲ. ಅಮೆರಿಕದ ಮಾದರಿ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 73 ಮಂದಿ ಎಸ್. ನಮ್ಮ ಮಹಡಿಯಲ್ಲಿ ಆ ಬ್ಯಾಂಕಿನ ಹುಡುಗನೊಬ್ಬನೇ. ಉಳಿದ ಎಸ್ ಮಂದಿಗೆ ಭಾನುವಾರ ಬೆಳಗ್ಗೆ ಬೇರೆ ಕೆಲಸ ಇರುತ್ತದೇನೋ.

ನನ್ನದು ಐಎನ್‌ಟಿಪಿ. ಹಾಗಾಗಿ ನನಗಿಲ್ಲಿ ಕುರ್ಚಿ ಕಾಯಂ.

11 ಜೂನ್

ಈ ಎಂಬಿಟಿಐ ಶುರುವಾದದ್ದೇ ಒಬ್ಬ ಎಸ್ ಅಳಿಯನಿಂದ, ಅದನ್ನು ಯಾರೂ ಹೇಳುವುದಿಲ್ಲ. ಅದಕ್ಕೆ ಅಡಿಪಾಯ ಹಾಕಿದ ಕ್ಯಾಥರೀನ್ ಬ್ರಿಗ್ಸ್ ಅವರ ಮಗಳು ಇಸಬೆಲ್ ಮೆಚ್ಚಿ ಮನೆಗೆ ಕರೆತಂದದ್ದು ಕ್ಲಾರೆನ್ಸ್ ಮೈಯರ್ಸ್ ಎಂಬ ಹುಡುಗನನ್ನು. ಮುಂದೆ ವಕೀಲನಾದವನು. 1918ರಲ್ಲಿ ಮದುವೆ. ತಾಯಿ ಮಗಳಿಬ್ಬರೂ ಕಲ್ಪನೆಯಲ್ಲಿ ತೇಲುವವರು, ಬರೆಯುವ ಹುಚ್ಚಿನವರು. ಇವನೋ ವಿವರ, ವ್ಯವಹಾರ, ಅಚ್ಚುಕಟ್ಟು. ಅತ್ತೆಗೆ ಅಳಿಯ ಅರ್ಥವಾಗಲಿಲ್ಲ. ಅರ್ಥವಾಗದವನನ್ನು ದಡ್ಡ ಅನ್ನದೆ ಅಧ್ಯಯನಕ್ಕೆ ಕೂತರಲ್ಲ, ಅದು ನನಗೆ ಹಿಡಿಸಿತು. ಯೂಂಗ್‌ನ ಮನುಷ್ಯ ಸ್ವಭಾವದ ಬಗೆಗಳ ಮೇಲಿನ 1921ರ ಗ್ರಂಥ 1923ರಲ್ಲಿ ಇಂಗ್ಲಿಷಿಗೆ ಬಂದಾಗ ತಾವು ಮಾಡಿಕೊಂಡಿದ್ದ ವಿಂಗಡಣೆಯನ್ನು ಬದಿಗಿಟ್ಟು ಅವನದನ್ನೇ ಹಿಡಿದರು. ಇಸಬೆಲ್ ಪ್ರಶ್ನಾವಳಿ ಕಟ್ಟತೊಡಗಿದ್ದು ಎರಡನೇ ಮಹಾಯುದ್ಧದ ದಿನಗಳಲ್ಲಿ.

ಆ ಕ್ಲಾರೆನ್ಸ್ ನಮ್ಮ ಮಹಡಿ ಹತ್ತಿದ್ದರೆ ಅವನಿಗೂ ಇನ್ನೊಂದು ಸಲ ಟೆಸ್ಟ್ ಮಾಡಲು ಹೇಳುತ್ತಿದ್ದರು.

15 ಜೂನ್, ಭಾನುವಾರ

ಬ್ಯಾಂಕಿನ ಹುಡುಗ ಐಎನ್‌ಎಫ್‌ಜೆ ಆಗಿ ಬಂದ. ಚಪ್ಪಾಳೆ.

ಆಶ್ಚರ್ಯವೇನಿಲ್ಲ. ಬಹಳಷ್ಟು ಜನರ ಅಂಕ ನಡುಗೆರೆಯ ಆಸುಪಾಸಿನಲ್ಲೇ ಇರುತ್ತದೆ. ನಾಲ್ಕಾರು ಉತ್ತರ ಬದಲಾದರೆ ಅಕ್ಷರವೇ ಬದಲು. ಪ್ರಶ್ನೆಗಳೂ ಅಷ್ಟೇನೂ ಸಾಧುವಲ್ಲ. ಹೊಸ ಹೊಸ ಆಲೋಚನೆಯವರ ಸ್ನೇಹ ಬೇಕೋ, ವಾಸ್ತವ ಬಿಡದವರದೋ ಎಂಬ ಧಾಟಿಯದು ಒಂದಿದೆ. ಓದಿದವರು ಯಾವುದಕ್ಕೆ ಗುರುತು ಹಾಕುತ್ತಾರೆಂದು ಕೇಳಬೇಕೆ? ಅಮ್ಮನಿಗೆ ಅದನ್ನೇ ಕೇಳಿದೆ. ‘ಯಾತಕ್ಕೆ, ಹರಟೆಗೋ ಸಾಲಕ್ಕೋ?’ ಅಂದರು.

ಅಪರೂಪದವರಾಗುವ ಆಸೆ ಬೇರೆ. ಅದೇ ಅಮೆರಿಕದ ಅಂಕಿಅಂಶದಲ್ಲಿ ಐಎಸ್‌ಎಫ್‌ಜೆ ಎಲ್ಲರಿಗಿಂತ ಹೆಚ್ಚು, ನೂರಕ್ಕೆ ಹೆಚ್ಚುಕಡಿಮೆ 14. ಐಎನ್‌ಎಫ್‌ಜೆ ಎಲ್ಲರಿಗಿಂತ ಕಡಿಮೆ, ಒಂದೂವರೆ. ಒಂದಕ್ಷರ ತಿದ್ದಿದರೆ ಸಂತೆಯಿಂದ ಗರ್ಭಗುಡಿಗೆ.

18 ಜೂನ್

ಇದೇ ಅಕ್ಷರಗಳ ಮೇಲೆ ಬರೆದ ಮನಶ್ಶಾಸ್ತ್ರಜ್ಞ ಕೀರ್ಸಿ 1998ರ ಪುಸ್ತಕದಲ್ಲಿ ಇಟ್ಟ ಹೆಸರುಗಳನ್ನು ನೋಡುತ್ತಿದ್ದೆ. ಎನ್‌ಗಳು ಎರಡು ಬಗೆ: ಐಡಿಯಲಿಸ್ಟ್, ರ್‍ಯಾಷನಲ್. ಎಸ್‌ಗಳೂ ಎರಡು: ಗಾರ್ಡಿಯನ್, ಆರ್ಟಿಸನ್. ಒಂದು ಕಡೆಯವರಿಗೆ ಮನಸ್ಸಿನ ಹೆಸರು, ಇನ್ನೊಂದು ಕಡೆಯವರಿಗೆ ಕಸುಬಿನ ಹೆಸರು, ಕಾವಲುಗಾರ ಮತ್ತು ಕುಶಲಕರ್ಮಿ. ಅವನು ಬೇಕೆಂದೇ ಮಾಡಿದ್ದಲ್ಲದಿರಬಹುದು. ಆದರೆ ವರ್ಣಾಶ್ರಮ ಕಂಡ ನಾಡಿನವಳಿಗೆ ಇದು ಕಣ್ಣಿಗೆ ಹೊಡೆಯದೆ ಇರುತ್ತದೆಯೇ?

ಗುಂಪಿನಲ್ಲಿ ಕೊನೆಯ ಅಸ್ತ್ರವಾಗಿ ಬಳಸುವುದು ಬುದ್ಧಿ ಅಳೆಯುವ ಪರೀಕ್ಷೆಗಳ ಅಂಕಗಳನ್ನು. ಎನ್‌ಗಳಿಗೆ ಅಂಕ ಹೆಚ್ಚು ಬರುತ್ತದೆಂಬುದು ಇಸಬೆಲ್‌ಗೂ ಗೊತ್ತಿತ್ತು. ಎಸ್ ಮಂದಿ ಪ್ರಶ್ನೆಯನ್ನು ಮತ್ತೆ ಓದಿ ಖಚಿತ ಮಾಡಿಕೊಂಡೇ ಬರೆಯುತ್ತಾರೆ, ಗಡಿಯಾರ ಇಟ್ಟ ಪರೀಕ್ಷೆಯಲ್ಲಿ ಅದೇ ಮುಳುವಾಗುತ್ತದೆ ಎಂಬುದು ಆಕೆಯ ವಿವರಣೆ. ಪೂರ್ತಿ ಒಪ್ಪುವೆನೋ ಇಲ್ಲವೋ, ನನ್ನ ಠೇವಣಿಯ ಲೆಕ್ಕ ನೋಡುವವರು ಎರಡು ಸಲ ಓದುವವರೇ ಆಗಿರಲಿ.

22 ಜೂನ್, ಭಾನುವಾರ

ಮಹಡಿಯ ಹರಟೆಯಲ್ಲಿ ನಮ್ಮ ಬೀದಿಯ ಮೋಟರ್ ರಿಪೇರಿಯವರ ಕತೆ ಹೇಳಿದೆ. ಸಂಪಿನ ಮೋಟರ್ ಸದ್ದು ಕೇಳಿಸಿಕೊಂಡು, ಮುಚ್ಚಳ ತೆಗೆಯುವ ಮೊದಲೇ ‘ಬೇರಿಂಗ್ ಹೋಗಿದೆ ಮೇಡಂ’ ಅಂದರು. ಬಿಚ್ಚಿ ನೋಡಿದರೆ ಅದೇ. ವರ್ಷಗಟ್ಟಲೆ ಸದ್ದು ಕೇಳಿ ಪಳಗಿದ ಕಿವಿ, ಇದಕ್ಕಿಂತ ಒಳ್ಳೆಯ ಎಸ್ ಉದಾಹರಣೆ ಎಲ್ಲಿ ಸಿಗಬೇಕು?

‘ಅಯ್ಯೋ, ಅದು ಇಂಟ್ಯೂಷನ್ ಅಲ್ವಾ? ಅವರು ಎನ್ನೇ ಇರಬೇಕು’ ಅಂದರು ಗೆಳತಿ.

ಒಳ್ಳೆಯದೇನಾದರೂ ಕಂಡರೆ ಎನ್ ಖಾತೆಗೆ ಜಮಾ, ಉಳಿದದ್ದು ಎಸ್ ಪಾಲಿಗೆ. ಹೀಗೆ ಲೆಕ್ಕ ಬರೆದರೆ ಯಾವ ಪುರಾವೆ ತಂದರೂ ಅವರದೇ ಗೆಲುವು. ಸಿಟ್ಟು ಬಂತು, ನಕ್ಕೆ.

ಮುಂದಿನ ವಾರ ಕ್ಲಾರೆನ್ಸ್ ಬಗ್ಗೆ ಮಾತಾಡುತ್ತೇನೆ ಅಂದೆ. ಹದಿನೈದು ನಿಮಿಷ ಕೊಟ್ಟಿದ್ದಾರೆ. ಅವನದ್ದು ಯಾವ ಅಕ್ಷರ ಅಂತ ಇನ್ನೂ ಹೇಳಿಲ್ಲ.