ಇದರ ಊರು ಯಾವುದು?

ಬೆಂಗಳೂರಿನ ಉತ್ತರದ ತುದಿಯಲ್ಲಿರುವ ನಮಗೆ ಬನ್ನೇರುಘಟ್ಟವೆಂದರೆ ಬೇರೆ ಊರೇ ಸರಿ. ಯಲಹಂಕದಿಂದ ನಂದಿಬೆಟ್ಟಕ್ಕೆ ಹೋಗಿ ಬಿಸಿಲೇರುವ ಮುಂಚೆ ಮನೆ ಸೇರಿಬಿಡಬಹುದು. ಬನ್ನೇರುಘಟ್ಟಕ್ಕಾದರೆ ಹೆಬ್ಬಾಳದ ಮೇಲ್ಸೇತುವೆಯಿಂದ ಶುರುವಾಗುವ ಟ್ರಾಫಿಕ್ಕನ್ನು ದಾಟಿ ಇಡೀ ನಗರವನ್ನು ಹಾಯಬೇಕು. ಬಸ್ಸಿನಲ್ಲಿ ಹೋಗುವವರು ಮೆಜೆಸ್ಟಿಕ್ಕಿಗೆ ಬಂದು 365 ಹಿಡಿಯಬೇಕು. ಆದರೂ ಈ ಕಡೆಯ ಮನೆಮನೆಯವರೂ ಒಮ್ಮೆಯಾದರೂ ಹೋಗಿಬಂದಿರುತ್ತಾರೆ. ಊರಿನಿಂದ ನೆಂಟರು ಬರಬೇಕು, ಮಕ್ಕಳಿಗೆ ರಜೆ ಇರಬೇಕು, ಅಷ್ಟೇ.

ಮೃಗಾಲಯದಲ್ಲಿ ಪ್ರಾಣಿಗಳಿಗಿಂತ ಹೆಚ್ಚು ನಾನು ನೋಡುವುದು ಸಂಸಾರಗಳನ್ನು. ಅಪ್ಪಂದಿರು ಅಂದು ಮೇಷ್ಟ್ರಾಗುತ್ತಾರೆ. ಫಲಕ ಓದಿ, ಅದಕ್ಕೆ ತಮ್ಮದೂ ಸ್ವಲ್ಪ ಸೇರಿಸಿ ಹೇಳುತ್ತಾರೆ. ಹುಲಿ ಮಲಗಿದ್ದರೆ ಎಲ್ಲರಿಗೂ ಬೇಜಾರು. ‘ಏಳ್ತಾನೇ ಇಲ್ಲವಲ್ಲಪ್ಪ’ ಎಂದು ಮಗು ದೂರುತ್ತದೆ. ‘ಊಟ ಆಗಿದೆ ಅದಕ್ಕೆ’ ಎಂದು ಅಮ್ಮ ಸಮಾಧಾನ ಹೇಳುತ್ತಾಳೆ. ಒಂದು ಫೋಟೋ, ಮುಂದಿನ ಆವರಣ.

ಜಾನ್ ಬರ್ಜರ್‌ಗೆ ಈ ನೋಟದ ಬಗ್ಗೆ ದೊಡ್ಡ ತಕರಾರಿತ್ತು. ‘ವೈ ಲುಕ್ ಅಟ್ ಅನಿಮಲ್ಸ್?’ ಎಂಬ ಅವನ ಪ್ರಬಂಧವನ್ನು ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳು ಒಂದಲ್ಲ ಒಂದು ಸೆಮಿನಾರಿನಲ್ಲಿ ಎದುರಿಸಿಯೇ ಇರುತ್ತೇವೆ. ಪ್ರಾಣಿಗಳು ದಿನನಿತ್ಯದ ಬದುಕಿನಿಂದ ಮರೆಯಾದ ಕಾಲದಲ್ಲೇ ಮೃಗಾಲಯಗಳು ಹುಟ್ಟಿದವು, ಮನುಷ್ಯನೂ ಪ್ರಾಣಿಯೂ ಪರಸ್ಪರ ನೋಡುವ ನೋಟ ಅಲ್ಲಿ ಸತ್ತುಹೋಗಿದೆ ಎಂಬುದು ಅವನ ವಾದ. ಓದುವಾಗ ನಾನು ತಲೆದೂಗಿದ್ದೆ. ಆದರೆ ದೊಡ್ಡಮ್ಮನ ಜೊತೆ ಬನ್ನೇರುಘಟ್ಟಕ್ಕೆ ಹೋದಾಗ, ಬರ್ಜರ್ ಇವರನ್ನು ಕಂಡಿರಲಿಲ್ಲ ಅನ್ನಿಸಿತು.

ದೊಡ್ಡಮ್ಮ ಸಕಲೇಶಪುರದ ಕಡೆಯವರು. ಅವರ ಬದುಕಿನಿಂದ ಪ್ರಾಣಿಗಳು ಮರೆಯಾಗಿಲ್ಲ. ಮರೆಯಾಗಲಿ ಎಂದು ಅವರು ಹರಕೆ ಹೊತ್ತಿದ್ದಾರೆ. ಗದ್ದೆಗೆ ಆನೆ, ಬಾಳೆಗೆ ಆನೆ, ಕಾಫಿ ತೋಟಕ್ಕೂ ಆನೆ. ಅರಣ್ಯ ಇಲಾಖೆಯಿಂದ ಮೊಬೈಲಿಗೆ ಸಂದೇಶ ಬಂದ ದಿನ ಕೆಲಸದವರು ತೋಟಕ್ಕೆ ಇಳಿಯುವುದಿಲ್ಲ. 2014ರ ಹೊತ್ತಿಗೆ ಆಲೂರು ಭಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದ್ದರು. ಕೆಲವೇ ವರ್ಷಗಳಲ್ಲಿ ಮತ್ತೆ ಅದೇ ಕಥೆ. ಅಂಥವರು ಯಶವಂತಪುರದಲ್ಲಿ ರೈಲಿಳಿದು, ಆರ್.ಟಿ. ನಗರದ ಮಗನ ಮನೆಯಲ್ಲಿ ನಾಲ್ಕು ದಿನವಿದ್ದು, ಮೊಮ್ಮಗಳ ಹಟಕ್ಕೆ ದುಡ್ಡು ಕೊಟ್ಟು ಆನೆ ನೋಡಲು ಹೊರಟಿದ್ದರು. ‘ನಮ್ಮನೆ ಹಿತ್ತಲಿಗೆ ಬಂದಿದ್ರೆ ಪುಕ್ಕಟೆ ತೋರಿಸ್ತಿದ್ದೆ’ ಎಂದು ಕಾರಿನಲ್ಲಿ ನಗುತ್ತಿದ್ದರು.

ಆನೆಯ ಮುಂದೆ ನಿಂತಾಗ ನಗಲಿಲ್ಲ. ಸುಮಾರು ಹೊತ್ತು ನೋಡಿ, ‘ಇದರ ಊರು ಯಾವುದಂತೆ ಪುಟ್ಟಿ?’ ಎಂದು ಕೇಳಿದರು.

ನಾನು ಫಲಕ ನೋಡಿದೆ. ಏಷ್ಯಾದ ಆನೆ ಎಂದಿತ್ತು. ವೈಜ್ಞಾನಿಕ ಹೆಸರಿತ್ತು, ಏನು ತಿನ್ನುತ್ತದೆ, ಎಷ್ಟು ವರ್ಷ ಬದುಕುತ್ತದೆ ಎಂದಿತ್ತು. ಓದಿ ಹೇಳಿದೆ. ‘ಅದು ಆನೆ ಜಾತಿಯ ವಿಷಯ ಆಯ್ತು. ನಾನು ಕೇಳಿದ್ದು ಇದರದ್ದು’ ಎಂದರು.

ಅವರ ಊರಿನಲ್ಲಿ ಆನೆಗೆ ಹೆಸರಿದೆ. ಭೀಮ ಎಂಬ ಒಂಟಿ ಸಲಗ, ಬೀಟಮ್ಮ ಎಂಬ ಹೆಣ್ಣಾನೆಯ ಗುಂಪು, ಇವೆಲ್ಲ ಹಾಸನ ಜಿಲ್ಲೆಯಲ್ಲಿ ಮನೆಮಾತು. ಯಾವುದು ಸಾಧು, ಯಾವುದು ಅಟ್ಟಿಸಿಕೊಂಡು ಬರುತ್ತದೆ, ಯಾವುದು ಎಲ್ಲಿ ಹೊಳೆ ದಾಟುತ್ತದೆ ಎಂಬುದು ಊರವರಿಗೆ ಗೊತ್ತು. ಜೀವ ಉಳಿಸಿಕೊಳ್ಳಲು ಗೊತ್ತಿರಲೇಬೇಕು. ಕಾಡಿನಲ್ಲಿ ಓಡಾಡುವ ಆನೆಗೆ ಹೆಸರು, ಗುಣ, ಹಿಂದಿನ ಕಥೆ ಎಲ್ಲವೂ ಇದೆ. ನಮ್ಮೆದುರೇ ಹಗಲೆಲ್ಲ ನಿಂತಿರುವ ಆನೆಗೆ, ಫಲಕ ನಂಬುವುದಾದರೆ, ಬರೀ ಜಾತಿ.

ಪಕ್ಕದಲ್ಲಿದ್ದ ಪಾಲಕನನ್ನು ದೊಡ್ಡಮ್ಮನೇ ಮಾತಾಡಿಸಿದರು. ‘ಇದು ಇಲ್ಲೇ ಹುಟ್ಟಿದ್ದಮ್ಮ. ತಾಯಿ ಆಕಡೆ ಇದೆ. ಅಪ್ಪ ಕಾಡಿನವನು’ ಎಂದ ಅವನು. ಬನ್ನೇರುಘಟ್ಟದ ಆನೆಗಳನ್ನು ರಾತ್ರಿ ಪಕ್ಕದ ಕಾಡಿಗೆ ಮೇಯಲು ಬಿಡುವ ರೂಢಿಯಿದೆ. ಅಲ್ಲಿ ಹೆಣ್ಣಾನೆಗಳು ಕಾಡುಸಲಗಗಳ ಜೊತೆ ಕೂಡಿ ಮರಿ ಹಾಕುತ್ತವೆ. ದೊಡ್ಡಮ್ಮನ ಮುಖ ಸಡಿಲವಾಯಿತು. ‘ಹಂಗಾದ್ರೆ ನೆಂಟಸ್ತಿಕೆ ಇಟ್ಟುಕೊಂಡಿದಾವೆ’ ಎಂದರು. ಅಲ್ಲಿಂದ ಮುಂದೆ ಪ್ರತಿ ಆವರಣದ ಮುಂದೆಯೂ ಅವರದು ಅದೇ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರಗಳಿವೆ. ಸಫಾರಿ ಬಸ್ಸಿನ ಜಾಲರಿಯಾಚೆ ಕಾಣುವ ಕರಡಿಗಳನ್ನೇ ನೋಡಿ. ಬನ್ನೇರುಘಟ್ಟದ ಕರಡಿ ಪುನರ್ವಸತಿ ಕೇಂದ್ರಕ್ಕೆ 2005ರಿಂದ ಬಂದು ಸೇರಿದ ಹಲವು ಕರಡಿಗಳು ಬೀದಿಯಲ್ಲಿ ಕುಣಿದವು. ಮರಿಯಿದ್ದಾಗಲೇ ಕಾದ ಕಬ್ಬಿಣದಿಂದ ಮೂತಿಗೆ ತೂತು ಮಾಡಿ ಹಗ್ಗ ಪೋಣಿಸಿ, ಹಲ್ಲು ಮುರಿದು ಪಳಗಿಸಿದವು. ದೇಶದಾದ್ಯಂತ ಇಂಥ ಆರುನೂರಕ್ಕೂ ಹೆಚ್ಚು ಕರಡಿಗಳನ್ನು ಬಿಡಿಸಿದರು. ಕೊನೆಯದೆಂದು ಹೇಳಲಾದ ರಾಜು ಎಂಬ ಕರಡಿ 2009ರ ಡಿಸೆಂಬರಿನಲ್ಲಿ ಬಂದು ಸೇರಿದ್ದು ಇಲ್ಲಿಗೇ. ಕರಡಿ ಕುಣಿಸಿ ಹೊಟ್ಟೆ ಹೊರೆಯುತ್ತಿದ್ದ ಖಲಂದರ್ ಕುಟುಂಬಗಳಿಗೆ ಬೇರೆ ಕಸುಬು ಹುಡುಕಿಕೊಡುವುದೂ ಆ ಕೆಲಸದ ಭಾಗವಾಗಿತ್ತು.

ಇದನ್ನು ನಾನು ಹೇಳುತ್ತಿದ್ದಾಗ ದೊಡ್ಡಮ್ಮ ಮಗನ ಕಡೆ ತಿರುಗಿದರು. ‘ಇವನಿಗೆ ಸಣ್ಣವನಿದ್ದಾಗ ಜ್ವರ ಬಿಡ್ತಾನೇ ಇರಲಿಲ್ಲ. ಸಂತೆ ದಿನ ಕರಡಿಯವನು ಬಂದಿದ್ದ. ಅದರ ಬೆನ್ನ ಮೇಲೆ ಕೂರಿಸಿ, ಕೂದಲಿನ ತಾಯತ ಕಟ್ಟಿಸಿದ್ವಿ’ ಎಂದರು. ಅಣ್ಣ ಮುಜುಗರದಿಂದ ಕಿಟಕಿಯಾಚೆ ನೋಡತೊಡಗಿದ. ಅವನ ಮಗಳು ಮಾತ್ರ ಕಣ್ಣರಳಿಸಿ, ‘ಇದೇ ಕರಡೀನಾ ಅಜ್ಜಿ?’ ಎಂದಳು. ಯಾರೂ ಉತ್ತರ ಕೊಡಲಿಲ್ಲ.

ಸಿಂಹಗಳದೂ ಇಂಥದೇ ಕಥೆ. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪಳಗಿಸಿ ಪ್ರದರ್ಶಿಸುವುದನ್ನು ಕೇಂದ್ರ ಸರ್ಕಾರ 1998ರಲ್ಲಿ ನಿಷೇಧಿಸಿತು. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸರ್ಕಸ್ಸಿನಿಂದ ಬಿಡುಗಡೆಯಾದ ಸಿಂಹ, ಹುಲಿಗಳು ಬಂದು ಸೇರಿದ ಜಾಗಗಳಲ್ಲಿ ಬನ್ನೇರುಘಟ್ಟವೂ ಒಂದು. ನಮ್ಮ ಅಪ್ಪ ಅಮ್ಮಂದಿರು ಟಿಕೆಟ್ ಕೊಂಡು ಚಪ್ಪಾಳೆ ತಟ್ಟಿದ್ದು ಅವುಗಳ ಹಿಂದಿನ ತಲೆಮಾರಿಗೋ, ಅವುಗಳಿಗೋ. ಇನ್ನು ಚಿರತೆ. 2016ರ ಫೆಬ್ರುವರಿಯಲ್ಲಿ ನಗರದ ಪೂರ್ವದಂಚಿನ ಒಂದು ಶಾಲೆಗೆ ಭಾನುವಾರ ನುಗ್ಗಿದ್ದ ಚಿರತೆಯ ವಿಡಿಯೋವನ್ನು ಎಲ್ಲರೂ ನೋಡಿದ್ದೇವೆ. ಅದನ್ನು ಹಿಡಿದು ತಂದದ್ದೂ ಬನ್ನೇರುಘಟ್ಟಕ್ಕೆ. ಸುಮಾರು ವಾರದಲ್ಲೇ ಅದು ಬೋನಿನಿಂದ ತಪ್ಪಿಸಿಕೊಂಡು ಹೋಯಿತು.

ಕರಡಿಗೆ ನಮ್ಮ ತಾಯತ, ಸಿಂಹಕ್ಕೆ ನಮ್ಮ ಸರ್ಕಸ್ಸು, ಚಿರತೆಗೆ ನಮ್ಮ ಬಡಾವಣೆಗಳು. ‘ಊರು ಯಾವುದು’ ಎಂದು ಕೇಳುತ್ತ ಹೋದರೆ, ಎಷ್ಟೋ ಪ್ರಾಣಿಗಳ ಊರು ನಮ್ಮದೇ ಆಗಿಬಿಡುತ್ತದೆ. ಫಲಕದ ಮೇಲಿನ ಭೂಪಟ ಅದನ್ನು ಹೇಳುವುದಿಲ್ಲ. ಈ ಜಾತಿ ಜಗತ್ತಿನಲ್ಲಿ ಎಲ್ಲೆಲ್ಲಿದೆ ಎಂದು ಬಣ್ಣ ತುಂಬಿ ತೋರಿಸುತ್ತದೆ, ಈ ಒಂದು ಜೀವ ಇಲ್ಲಿಗೆ ಹೇಗೆ ಬಂತು ಎಂಬುದನ್ನು ಬಿಟ್ಟುಬಿಡುತ್ತದೆ. 1892ರಲ್ಲಿ ಚಾಮರಾಜೇಂದ್ರ ಒಡೆಯರ್ ಶುರುಮಾಡಿದ ಮೈಸೂರಿನ ಮೃಗಾಲಯದಲ್ಲಿ ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳುವ ಯೋಜನೆಯಿದೆ. ದತ್ತು ಪಡೆದವರ ಹೆಸರನ್ನು ಆವರಣದ ಬಳಿ ಬರೆದು ಹಾಕಿರುತ್ತಾರೆ. ದಾನಿಯ ಹೆಸರು ನಮಗೆ ಗೊತ್ತಾಗುತ್ತದೆ. ದತ್ತು ಹೋದವರ ಪೂರ್ವೋತ್ತರ ಗೊತ್ತಾಗುವುದಿಲ್ಲ.

ಕಥೆ ಗೊತ್ತಾದರೆ ಜನ ಮರೆಯುವುದಿಲ್ಲ ಎಂಬುದಕ್ಕೂ ಮೈಸೂರೇ ಸಾಕ್ಷಿ. ಡಬ್ಲಿನ್‌ನಿಂದ 1995ರಲ್ಲಿ ಬಂದು, ಬಹುಕಾಲ ಒಂಟಿಯಾಗಿಯೇ ಇದ್ದು, 2014ರಲ್ಲಿ ತೀರಿಕೊಂಡ ಪೋಲೋ ಎಂಬ ಗೊರಿಲ್ಲಾವನ್ನು ಮೈಸೂರಿನವರು ಇವತ್ತಿಗೂ ಹೆಸರು ಹಿಡಿದೇ ನೆನೆಯುತ್ತಾರೆ. ‘ಪಾಪ, ಒಬ್ಬನೇ ಇದ್ದ’ ಎನ್ನುತ್ತಾರೆ. ಗೊರಿಲ್ಲಾದ ವೈಜ್ಞಾನಿಕ ಹೆಸರು ಅವರಲ್ಲಿ ಎಷ್ಟು ಜನಕ್ಕೆ ಗೊತ್ತೋ. ಅವನ ಒಂಟಿತನವಂತೂ ಗೊತ್ತಿತ್ತು.

ಹಾಗೆಂದು ಕಥೆ ತಿಳಿದ ಮಾತ್ರಕ್ಕೆ ಕಂಬಿಗಳು ಕರಗುವುದಿಲ್ಲ. ಮೃಗಾಲಯ ಬೇಕೋ ಬೇಡವೋ ಎಂಬ ಚರ್ಚೆಯೂ ಮುಗಿಯುವುದಿಲ್ಲ. ಮೂತಿಯ ತೂತು ಮಾಯದ ಕರಡಿಯನ್ನು, ಬೇಟೆಯೇ ಗೊತ್ತಿಲ್ಲದ ಸಿಂಹವನ್ನು ಎಲ್ಲಿಗೆ ಕಳಿಸುವುದು? ಅವಕ್ಕೆ ಇದು ಕೊನೆಯ ಮನೆ. ಆ ಮನೆಗೆ ಹೋದವರು ಮನೆಯವರ ಕಥೆ ಕೇಳಿ ಬರಬೇಕು, ನಾನು ಹೇಳುವುದು ಅಷ್ಟೇ. ‘ಏಳ್ತಾನೇ ಇಲ್ಲವಲ್ಲ’ ಎಂದು ಬೇಜಾರಾದ ಮಗುವಿಗೆ, ಅದು ಎಷ್ಟು ದೂರದಿಂದ ಬಂದು ಮಲಗಿದೆ ಎಂದು ಯಾರಾದರೂ ಹೇಳಿದರೆ, ಆ ಮಗು ಇನ್ನೊಂದು ನಿಮಿಷ ನಿಲ್ಲಬಹುದು.

ದೊಡ್ಡಮ್ಮ ಊರಿಗೆ ಹೋಗಿ ಹದಿನೈದು ದಿನಕ್ಕೆ ಫೋನ್ ಮಾಡಿದ್ದರು. ರಾತ್ರಿ ಆನೆ ಬಂದು ಹಿತ್ತಲಿನ ಬಾಳೆಯನ್ನೆಲ್ಲ ಮುರಿದುಹಾಕಿತ್ತಂತೆ. ಸಿಟ್ಟು ಇಳಿದಿರಲಿಲ್ಲ, ಪರಿಹಾರದ ಅರ್ಜಿಗೆ ಅಲೆಯಬೇಕಾದ ಚಿಂತೆ ಬೇರೆ. ಎಲ್ಲ ಹೇಳಿ ಮುಗಿಸಿ, ಫೋನ್ ಇಡುವ ಮುಂಚೆ ಕೇಳಿದರು: ‘ಅಲ್ಲಿಯ ಮರಿ ಈಗ ಹೆಂಗಿದೆಯೋ? ಆಕಡೆ ಹೋದ್ರೆ ಕೇಳ್ಕೊಂಡು ಬಾ.’