ಗೋಡೆಗೂ ಬೇಕು ಉಸಿರು

ಗೋಡೆಯೆಂದರೆ ಹೊರಗಿನದನ್ನು ಹೊರಗೇ ತಡೆಯುವ ಸಾಧನವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಒಳಸೇರಿದ್ದಕ್ಕೆ ಹೊರಹೋಗುವ ದಾರಿ ಕೊಡುವುದೂ ಅದರ ಧರ್ಮವೆಂಬುದು, ಕಾರಿನ ಹಿಂದೆ ಕಟ್ಟಿಕೊಂಡು ಸುತ್ತಲು ಮರದ ಪುಟ್ಟ ಗಾಡಿಮನೆಯೊಂದನ್ನು ಕೈಯಾರೆ ಕಟ್ಟಲು ಹೊರಟಾಗ ನನಗೆ ಮನದಟ್ಟಾಯಿತು.

ಮಲಾಡಿನ ಎರಡು ಕೋಣೆಗಳಿಂದ ಹೊರಟು, ಮನಬಂದಲ್ಲಿ ತಂಗುತ್ತ ಉಡುಪಿಯವರೆಗೆ ಸಾಗಬೇಕೆಂಬುದು ನಿವೃತ್ತಿಯ ನಂತರ ನಮ್ಮಿಬ್ಬರ ಬಯಕೆ. ಎಂಟಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಎತ್ತರ; ಮಲಗಲು ಅಷ್ಟು ಸಾಕು. ಕಾನೂನಿನ ಕಣ್ಣಿಗೆ ಟ್ರೇಲರ್ ಕೂಡ ಮೋಟಾರು ವಾಹನವೇ ಆದ್ದರಿಂದ ಉಕ್ಕಿನ ಚಾಸಿ ಮತ್ತು ನೋಂದಣಿಯ ಕೆಲಸವನ್ನು ಬಲ್ಲವರಿಗೆ ಒಪ್ಪಿಸಿದೆ. ಗೋಡೆಯ ಆಯ್ಕೆ ನನ್ನ ಪಾಲಿಗೆ ಉಳಿಯಿತು. ಮಡದಿಗೆ ಉಬ್ಬಸವಿರುವುದರಿಂದ ಅದು ಬರೀ ಅಂದಚೆಂದದ ಪ್ರಶ್ನೆಯಾಗಿರಲಿಲ್ಲ.

ಮೊದಲನೆಯದು ಭಾರ. ನಾಲ್ಕು ಗೋಡೆಗಳಿಗೆ ಎಂಟಡಿ–ನಾಲ್ಕಡಿಯ ಮೂರು ಹಲಗೆ ಬೇಕು. 19 ಮಿ.ಮೀ. ಪ್ಲೈವುಡ್ಡಾದರೆ ಮೂರೂ ಸೇರಿ 100 ಕಿಲೋ ದಾಟುತ್ತದೆ, 6 ಮಿ.ಮೀ. ಆದರೆ 40 ಕಿಲೋದ ಆಸುಪಾಸು. ಕೊಂಕಣದ ಏರುದಾರಿಯಲ್ಲಿ ಎಳೆಯಬೇಕಾದದ್ದು ಸಣ್ಣ ಕಾರು. ಮರದ ಚೌಕಟ್ಟಿಗೆ ಬಿಗಿದ ತೆಳುಹಲಗೆಯೇ ಲೇಸೆನಿಸಿತು.

ಎರಡನೆಯದು ಅಂಟು. ಅಂಗಡಿಗಳಲ್ಲಿ ‘ಎಂಆರ್’ ಎಂದು ಮಾರುವ ಹಲಗೆಯ ಪದರಗಳನ್ನು ಸಾಮಾನ್ಯವಾಗಿ ಹಿಡಿದಿಡುವುದು ಯೂರಿಯಾ ಫಾರ್ಮಾಲ್ಡಿಹೈಡ್. ಅದು ತೇವದ ಗಾಳಿಯನ್ನು ತಾಳೀತು, ನಿಂತ ನೀರನ್ನು ತಾಳದು. ಕಣ್ಣು ಮೂಗು ಉರಿಸುವ ಆವಿಯನ್ನೂ ಹೆಚ್ಚು ಬಿಡುತ್ತದೆ. ಐಎಸ್ 710 ಮುದ್ರೆಯ ಮರೈನ್ ಪ್ಲೈವುಡ್ಡಿನ ಫೀನಾಲ್ ಅಂಟಾದರೋ 72 ಗಂಟೆ ಕುದಿಯುವ ನೀರಿನಲ್ಲಿದ್ದೂ ಬಿಡದಿರಬೇಕು; ಅದರ ಆವಿಯೂ ಕಡಿಮೆ. ಬೆಲೆ ಹೆಚ್ಚಾದರೂ ಅದನ್ನೇ ಕೊಂಡೆ.

ಹೊರಮೈಗೆ ಅಲ್ಯುಮಿನಿಯಂ ತಗಡು. ಅದನ್ನು ಹಲಗೆಗೇ ನೇರವಾಗಿ ಅಂಟಿಸುವುದೇ ಎಂದು ಕೇಳಿದ್ದಕ್ಕೆ, ನಮ್ಮೂರ ಕಡೆಯವರೇ ಆದ ಬಡಗಿ ಆಚಾರ್ಯರು ತಲೆಯಲ್ಲಾಡಿಸಿದರು: “ಬೇಡ ಮಾರಾಯ್ರೇ. ಇಬ್ಬರು ಮಲಗಿದರೆ ಉಸಿರಿನ ಪಸೆಯೇ ಬೆಳಗಾಗುವಾಗ ಗೋಡೆಯಲ್ಲಿ ನೀರಾಗಿ ಇಳಿಯುತ್ತದೆ. ಎಲ್ಲ ಕಡೆ ಮುಚ್ಚಿದರೆ ಅದು ಹೋಗುವುದೆಲ್ಲಿಗೆ? ಮರ ಒಳಗಿನಿಂದಲೇ ಕುಂಬಾಗುತ್ತದೆ.”

ಬಾಲ್ಯದ ಮಣ್ಣಿನ ಗೋಡೆ ನೆನಪಾಯಿತು. ಮಳೆಗಾಲಕ್ಕೆ ಮುನ್ನ ಅದರ ಹೊರಗೆ ಹೆಣೆದ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಇರಚಲು ತಟ್ಟಿಗೆ ಬಡಿದು ಕೆಳಗಿಳಿಯುತ್ತಿತ್ತು. ನಡುವಿನ ಸಂದಿನಲ್ಲಿ ಗಾಳಿಯಾಡಿ ಗೋಡೆ ಒಣಗಿರುತ್ತಿತ್ತು. ಅದೇ ಕ್ರಮದಲ್ಲಿ ಹಲಗೆಗೂ ತಗಡಿಗೂ ನಡುವೆ ಅರ್ಧ ಇಂಚಿನ ಮರದ ಪಟ್ಟಿಗಳನ್ನು ಹೊಡೆದೆವು. ಕೆಳಗಿನ ಸಂದನ್ನೂ ಸೂರಿನ ಮರೆಯ ಸಂದನ್ನೂ ತೆರೆದಿಟ್ಟು ಜಾಲರಿ ಹಾಕಿದೆವು. ಒಳಗಿನ ಗಾಳಿಗೆ ಎದುರುಬದುರಾಗಿ ಎರಡು ಕಿಂಡಿ ಕೊರೆದೆವು. ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದ. ಅಲ್ಲಿಗೆ ಎಪಾಕ್ಸಿ ಬಳಿದೆವು.

ಮಲಾಡಿನಲ್ಲಿ ಗೋಡೆಯ ಮಾತು ಬಂದರೆ 2019ರ ಜುಲೈ 2ರ ನಸುಕು ನೆನಪಾಗದಿರದು. ಭಾರೀ ಮಳೆಯಲ್ಲಿ ಪಿಂಪ್ರಿಪಾಡಾದ ಗುಡಿಸಲುಗಳ ಮೇಲೆ ಆವರಣ ಗೋಡೆ ಕುಸಿದು ಹಲವರು ಮಡಿದರು. ಗುಡ್ಡದ ಇಳಿಜಾರಿನಲ್ಲಿ ಎಷ್ಟೇ ದಪ್ಪದ ಗೋಡೆ ಕಟ್ಟಿದರೂ, ಹಿಂದೆ ತುಂಬುವ ನೀರಿಗೆ ಕಿಂಡಿಗಳಿರಬೇಕೆಂಬುದು ಕಟ್ಟಡಶಾಸ್ತ್ರದ ಮೊದಲ ಪಾಠಗಳಲ್ಲೊಂದು. ದಪ್ಪಕ್ಕೆ ಹಣ ಸುರಿಯುವ ನಾವು ಕಿಂಡಿಯನ್ನು ಮರೆಯುವುದೇ ಹೆಚ್ಚು.

ನಮ್ಮ ಗಾಡಿಮನೆ ಒಂದು ಮಳೆಗಾಲವಿಡೀ ಸೊಸೈಟಿಯ ಅಂಗಳದಲ್ಲಿ ನೆನೆಯಿತು. ಸೆಪ್ಟೆಂಬರಿನ ಒಂದು ರಾತ್ರಿ ಇಬ್ಬರೂ ಅದರಲ್ಲೇ ಮಲಗಿದೆವು. ಮಡದಿ ಒಮ್ಮೆಯೂ ಕೆಮ್ಮಲಿಲ್ಲ. ಬೆಳಗ್ಗೆ ಹಲಗೆಯ ಮೇಲೆ ಕೈಯಾಡಿಸಿದೆ, ಒಣಗಿಯೇ ಇತ್ತು.