ಕ್ಯಾಲೆಂಡರಿನ ಕಲಿಗಳು

ನಮ್ಮ ಹೊಸದುರ್ಗದ ಕಟಿಂಗ್ ಶಾಪುಗಳಲ್ಲಿ ಒಂದು ಕಾಲಕ್ಕೆ ಶಾಂತವಾದ ಗೋಡೆ ಅನ್ನುವುದೇ ಇರಲಿಲ್ಲ. ಕನ್ನಡಿಯ ಮೇಲ್ಗಡೆ ಮದಕರಿನಾಯಕ, ಎಡಕ್ಕೆ ಕಿತ್ತೂರು ಚೆನ್ನಮ್ಮ, ಬಲಕ್ಕೆ ಸಂಗೊಳ್ಳಿ ರಾಯಣ್ಣ, ಎಲ್ಲರೂ ಹಿರಿದ ಕತ್ತಿಯವರು. ಕೆಳಗೆ ಕತ್ತು ಬಗ್ಗಿಸಿ ಕೂತ ನನ್ನ ಹಿಂದೆ ಇನ್ನೊಬ್ಬ ಕತ್ತಿಯವನು. ಓಬವ್ವ ಒಬ್ಬಳೇ ಒನಕೆ ಹಿಡಿದವಳಾದ್ದರಿಂದ ಅವಳ ಮೇಲೆ ನನಗೆ ಸ್ವಲ್ಪ ಭರವಸೆ. ಅವಳಿಂದ ಕಿವಿಗೆ ಅಪಾಯವಿರಲಿಲ್ಲ.

ಇಂಥ ಗೋಡೆಗಳ ಕೆಳಗೆ ಬೆಳೆದವನಿಗೆ ಜಪಾನಿನ ಸಮುರಾಯಿಗಳು ಹೊಸಬರು ಅನ್ನಿಸಲಿಲ್ಲ. ಟೋಕಿಯೋದಲ್ಲಿ ಕೆಲಸಕ್ಕಿರುವ ಅಕ್ಕನ ಮಗ ರಜೆಗೆ ಬಂದಾಗ ಒಂದು ಕ್ಯಾಲೆಂಡರು ತಂದಿದ್ದ. ತಿಂಗಳಿಗೊಬ್ಬ ವೀರ; ಎಲ್ಲವೂ ಕುನಿಯೋಶಿ ಎಂಬ ಹಳೆಯ ಕಲಾವಿದನ ಮರದಚ್ಚಿನ ಚಿತ್ರಗಳು. ಕೊಬ್ಬರಿ ಮಂಡಿಯವರು ಕೊಟ್ಟ ಕ್ಯಾಲೆಂಡರಿನ ಪಕ್ಕದ ಮೊಳೆಗೆ ತಗುಲಿಹಾಕಿದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಮೈತುಂಬ ಹಚ್ಚೆ, ಕೆದರಿದ ಕೂದಲು, ಮೂಗಿನ ಕಡೆಗೆ ಸರಿದ ಕಣ್ಣುಗುಡ್ಡೆ. "ಇದ್ಯಾವೂರ ದೇವ್ರಪ್ಪಾ? ಯಾರೋ ಹರಕೆ ತೀರ್ಸಿಲ್ಲ ಅಂತ ಕಾಣ್ತದೆ, ಹಿಂಗೆ ಕಣ್ ಬಿಟ್ಕಂಡೈತೆ" ಅಂದಳು. ಮಾರನೆಯ ಬೆಳಿಗ್ಗೆ ನೋಡಿದರೆ ಹಾಳೆಯ ನೆತ್ತಿಗೆ ಕುಂಕುಮದ ಬೊಟ್ಟು. ಆದರೂ ಅಮಾವಾಸ್ಯೆ, ರಾಹುಕಾಲ ಏನೂ ಇಲ್ಲದ ಕ್ಯಾಲೆಂಡರು ಯಾತಕ್ಕೆ ಎಂಬ ತಕರಾರು ವರ್ಷಪೂರ್ತಿ ನಡೆಯಿತು.

ಕುನಿಯೋಶಿ ರೇಷ್ಮೆಗೆ ಬಣ್ಣ ಹಾಕುವವನ ಮಗ. 1827ರ ಸುಮಾರಿಗೆ ಚೀನಾದ ಹಳೆಯ ಕಥೆಯೊಂದರ 108 ದರೋಡೆಕೋರ ವೀರರನ್ನು ಒಬ್ಬೊಬ್ಬರನ್ನಾಗಿ ಬಿಡಿಸತೊಡಗಿದ. ಆಗ ಎಡೊ ಎಂದು ಕರೆಯುತ್ತಿದ್ದ ಟೋಕಿಯೋ ಮುಗಿಬಿದ್ದು ಕೊಂಡಿತು. ಚಿತ್ರದವರ ಮೈಮೇಲಿನ ಹಚ್ಚೆ ಕಂಡು ಬೆಂಕಿ ಆರಿಸುವವರು, ಕೂಲಿಯವರು ತಮ್ಮ ಬೆನ್ನಿಗೂ ಹಾಕಿಸಿಕೊಂಡರು. ಇಂಥ ಹಾಳೆ ಒಬ್ಬನ ಕೆಲಸವಲ್ಲ: ಒಬ್ಬ ಬರೆಯುತ್ತಿದ್ದ, ಇನ್ನೊಬ್ಬ ಅದನ್ನು ಚೆರಿ ಮರದ ಹಲಗೆಯ ಮೇಲೆ ಕೆತ್ತುತ್ತಿದ್ದ, ಮತ್ತೊಬ್ಬ ಬಣ್ಣಕ್ಕೊಂದು ಹಲಗೆಯಂತೆ ಅಚ್ಚೊತ್ತುತ್ತಿದ್ದ; ದುಡ್ಡು ಹಾಕಿದ ಪ್ರಕಾಶಕ ಲಾಭ ಎಣಿಸುತ್ತಿದ್ದ. ಒಂದು ಹಾಳೆಯ ಬೆಲೆ ಹೆಚ್ಚುಕಮ್ಮಿ ಒಂದು ಬೋಗುಣಿ ಶಾವಿಗೆಯಷ್ಟು. ಅರಮನೆಗೂ ಅದಕ್ಕೂ ಸಂಬಂಧವಿಲ್ಲ, ನಮ್ಮ ಕಟಿಂಗ್ ಶಾಪಿನ ವಂಶವೇ.

ತಮಾಷೆಯೆಂದರೆ, ಆ ಹಾಳೆಗಳು ಹಾಗೆ ಖರ್ಚಾಗುತ್ತಿದ್ದಾಗ ಜಪಾನಿನಲ್ಲಿ ಯುದ್ಧವೇ ಇರಲಿಲ್ಲ. 1615ರಲ್ಲಿ ಒಸಾಕಾ ಕೋಟೆ ಬಿದ್ದ ಮೇಲೆ, ನಡುವೆ ಒಂದು ದೊಡ್ಡ ದಂಗೆ ಬಿಟ್ಟರೆ, ಇನ್ನೂರು ವರ್ಷಕ್ಕೂ ಮಿಕ್ಕಿ ದೇಶ ತಣ್ಣಗಿತ್ತು. ಸಮುರಾಯಿಗಳು ಸೊಂಟಕ್ಕೆ ಎರಡೆರಡು ಕತ್ತಿ ಸಿಕ್ಕಿಸಿಕೊಂಡು ಕಚೇರಿಗೆ ಹೋಗಿ ಲೆಕ್ಕ ಬರೆಯುತ್ತಿದ್ದರು. ಅಕ್ಕಿಯಲ್ಲಿ ಬರುವ ಸಂಬಳ ಸಾಲದೆ ಅಂಗಡಿಯವರ ಹತ್ತಿರ ಸಾಲ ಮಾಡುತ್ತಿದ್ದರು. ಸಾಲ ಕೊಟ್ಟವನ ಮನೆಯ ಗೋಡೆಯ ಮೇಲೆ ಸಮುರಾಯಿ ಹುಲಿಯನ್ನೋ ಭೂತವನ್ನೋ ಸೀಳುತ್ತಿದ್ದ. ನಾವೂ ಹಾಗೇ. ಮದಕರಿಯ ಚಿತ್ರದುರ್ಗ ಹೈದರಾಲಿಯ ಕೈಗೆ ಹೋದದ್ದು 1779ರಲ್ಲಿ. ಅದಕ್ಕಾಗಿ ನಮ್ಮ ಮನೆಯ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದು ಇನ್ನೂರು ವರ್ಷ ಕಳೆದು ತರಾಸು 'ದುರ್ಗಾಸ್ತಮಾನ' ಕಾದಂಬರಿ ಬರೆದಾಗ. ಲಗ್ಗೆ ಬಿದ್ದ ಹೊತ್ತಿನಲ್ಲಿ ಅಳಲು ಯಾರಿಗೆ ಪುರುಸೊತ್ತು?

1842ರಲ್ಲಿ ಎಡೊ ಸರ್ಕಾರಕ್ಕೆ ಮಿತವ್ಯಯದ ಹುರುಪು ಬಂತು. ನಟರ ಚಿತ್ರ, ವೇಶ್ಯೆಯರ ಚಿತ್ರ ಮಾರಕೂಡದು ಎಂದಿತು. ಕಲಾವಿದರು ಹಳೆಯ ವೀರರನ್ನೇ ಬರೆದರು, ಮುಖವನ್ನು ಮಾತ್ರ ಜನ ಮೆಚ್ಚಿದ ಕಬುಕಿ ನಾಟಕದ ನಟರಿಂದ ತಂದು ಕೂರಿಸಿದರು. ಮಾರುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ಅದಕ್ಕೂ ಮುಂಚಿನಿಂದ ಹೆಸರಿನಲ್ಲೂ ಇದೇ ಕಣ್ಣಾಮುಚ್ಚಾಲೆ, ನಿಜ ಹೆಸರು ಹಾಕಿದರೆ ಶಿಕ್ಷೆ: ಹಿದೆಯೋಶಿ ಎಂಬ ದಂಡನಾಯಕ ಹಾಳೆಯ ಮೇಲೆ ಹಿಸಯೋಶಿ ಆಗುತ್ತಿದ್ದ. ಅಷ್ಟೂ ಜಾಣತನ ತೋರದೆ ಅವನನ್ನು ಚಿತ್ರಿಸಿದ ಉತಮಾರೊ ಎಂಬ ಮಹಾನ್ ಕಲಾವಿದನ ಕೈಗೆ 1804ರಲ್ಲಿ 50 ದಿನ ಕೋಳ ಬಿತ್ತು.

ನಮ್ಮ ಓಬವ್ವನಿಗೂ ಮುಖ ಬಂದದ್ದು ಹೀಗೆಯೇ. ಕಹಳೆ ಮುದ್ದಹನುಮನ ಹೆಂಡತಿ ಹೇಗಿದ್ದಳೆಂದು ತೋರಿಸುವ ಅವಳ ಕಾಲದ ಚಿತ್ರವೊಂದೂ ನಮಗಿಲ್ಲ. 1972ರಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ಸಿನಿಮಾ ಬಂತು, ಹೈದರನ ಸಿಪಾಯಿಗಳು ನುಸುಳುವ ಕೋಟೆಯ ಕಿಂಡಿಯ ಪಕ್ಕ ಜಯಂತಿ ಒನಕೆ ಎತ್ತಿ ನಿಂತರು. ಅಲ್ಲಿಂದೀಚೆಗೆ ಆಟೋದ ಬೆನ್ನಿಗಿರಲಿ, ಶಾಲೆಯ ಗೋಡೆಗಿರಲಿ, ನಮ್ಮ ಕಡೆಯ ಓಬವ್ವರೆಲ್ಲ ಜಯಂತಿಯ ತವರಿನವರೇ. ಶಾಲೆಗಳ ಛದ್ಮವೇಷ ಸ್ಪರ್ಧೆಗೆ ಹೋಗಿ ನೋಡಬೇಕು. ಒಂದೇ ಸಾಲಿನಲ್ಲಿ ಏಳೆಂಟು ಓಬವ್ವರು, ಕಚ್ಚೆ ಬಿಗಿದು, ಹುಬ್ಬು ಗಂಟಿಕ್ಕಿ. ಅಳತೆಯ ಒನಕೆ ಸಿಗದೆ ಒಬ್ಬಳು ಲಟ್ಟಣಿಗೆ ಹಿಡಿದು ಬಂದಿದ್ದಳು. ಹೈದರನ ಸಿಪಾಯಿಯ ವೇಷ ಹಾಕಿ ಮಗನನ್ನು ಕಳಿಸಲು ಯಾವ ತಾಯಿಯೂ ಒಪ್ಪದ ಕಾರಣ ಅಷ್ಟು ಜನ ಓಬವ್ವರೂ ಶತ್ರುವಿಲ್ಲದೆ ಬೇಜಾರಾಗಿ ಐಸ್‌ಕ್ಯಾಂಡಿ ತಿನ್ನುತ್ತ ನಿಂತಿದ್ದರು.

ಮುಖದ ಹಂಗಿಲ್ಲದ ವೀರರೂ ನಮ್ಮಲ್ಲಿದ್ದಾರೆ, ಊರ ಹೊರಗೆ. ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ದನಗಳನ್ನು ಬಿಡಿಸಲು ಹೋಗಿ ಕಾದು ಬಿದ್ದವನು, ನಡುವೆ ಅವನನ್ನು ಎತ್ತಿಕೊಂಡು ಹೊರಟ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ಅವನೇ, ಅದಕ್ಕೂ ಮೇಲೆ ಸೂರ್ಯ ಚಂದ್ರ. ಮಳೆಗಾಳಿಗೆ ಮೂಗು ಕಣ್ಣು ಸವೆದುಹೋಗಿರುತ್ತವೆ. ನಾವು ಹುಡುಗರು ಅದನ್ನೇ ವಿಕೆಟ್ ಮಾಡಿಕೊಂಡಿದ್ದೆವು. ಬೌಲ್ಡ್ ಆದವನು ಅದೇ ವೀರನನ್ನು ಮುಟ್ಟಿ "ಔಟಿಲ್ಲ" ಅಂತ ಆಣೆ ಮಾಡುತ್ತಿದ್ದ. ನನಗೆ ಎಲ್ಲಕ್ಕಿಂತ ಇಷ್ಟವಾದ ವೀರಗಲ್ಲು ಆತಕೂರಿನದು, ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಹತ್ತನೇ ಶತಮಾನದಲ್ಲಿ ತಕ್ಕೋಲದ ಯುದ್ಧ ಗೆದ್ದ ಗಂಗರ ಬೂತುಗ ತನ್ನ ಭಟ ಮಣಲೆರನಿಗೆ ಏನು ಬೇಕೋ ಕೇಳು ಎಂದ. ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು! ಆ ನಾಯಿ ಆಮೇಲೆ ಕಾಡುಹಂದಿಯ ಮೇಲೆ ಬಿದ್ದು, ಹಂದಿಯೂ ಸತ್ತು ತಾನೂ ಸತ್ತಿತು. ಅದಕ್ಕೊಂದು ಕಲ್ಲು ನೆಟ್ಟರು. ಮನೆತುಂಬ ಬೆಕ್ಕು ಸಾಕಿಕೊಂಡಿದ್ದ ಕುನಿಯೋಶಿಗೆ ಇದು ಗೊತ್ತಾಗಿದ್ದರೆ ಇನ್ನೊಂದು ಹಲಗೆ ಕೆತ್ತಿಸುತ್ತಿದ್ದನೋ ಏನೋ.

ಕುನಿಯೋಶಿಯ ಶಿಷ್ಯ ಯೋಶಿತೋಶಿಯ ಕಾಲಕ್ಕೆ ಯುದ್ಧ ನಿಜವಾಗಿಯೇ ಮನೆಬಾಗಿಲಿಗೆ ಬಂತು. 1868ರಲ್ಲಿ ಎಡೊದ ಉಯೆನೊದಲ್ಲಿ ಕಾಳಗವಾದಾಗ ಅವನು ಹೋಗಿ ಕಣ್ಣಾರೆ ಕಂಡ. ಆಮೇಲೆ ಬರೆದ ವೀರರ ಮೈಯಲ್ಲಿ ರಕ್ತ, ಕಣ್ಣಲ್ಲಿ ಹೆದರಿಕೆ. ಅವು ಕ್ಯಾಲೆಂಡರಿಗೆ ಒಗ್ಗುವುದಿಲ್ಲ, ಬಿಡಿ. 1876ರಲ್ಲಿ ಸರ್ಕಾರ ಸಮುರಾಯಿಗಳ ಸೊಂಟದ ಕತ್ತಿಯನ್ನೇ ಬಿಚ್ಚಿಸಿತು. ಬದುಕಿನ ಕೊನೆಯ ವರ್ಷಗಳಲ್ಲಿ ಯೋಶಿತೋಶಿ ಚಂದ್ರನ ನೂರು ಚಿತ್ರಗಳ ಮಾಲೆ ಹಿಡಿದ. ಅದರಲ್ಲಿ ಎಷ್ಟೋ ವೀರರು ಏನೂ ಕಡಿಯದೆ ಬೆಳದಿಂಗಳಲ್ಲಿ ಸುಮ್ಮನೆ ನಿಂತಿದ್ದಾರೆ.

ನಮ್ಮೂರಲ್ಲಿ ಬೋರ್ಡು ಬರೆಯುವವರೊಬ್ಬರಿದ್ದರು. ಅಂಗಡಿಗಳ ಹೆಸರು ಬರೆದು ಉಳಿದ ಬಣ್ಣದಲ್ಲಿ ಮದಕರಿಯನ್ನು ಬರೆಯುತ್ತಿದ್ದರು. ಬಾಳಿನಲ್ಲಿ ಕತ್ತಿ ಹಿಡಿದವರಲ್ಲ, ಬಾಳೆಗೊನೆ ಕೊಯ್ಯುವ ಮಚ್ಚೇ ಮಾದರಿ. ಕುದುರೆಗೆ ಮಾದರಿ ಬಸ್‌ಸ್ಟ್ಯಾಂಡಿನ ಜಟಕಾದ್ದು. ಹಾಗಾಗಿ ನಮ್ಮ ಮದಕರಿಯ ಕುದುರೆಯ ಪಕ್ಕೆಲುಬು ಎಣಿಸಬಹುದಿತ್ತು. ಒಂದು ಸಿವುಡು ಹುಲ್ಲು ಸಿಕ್ಕಿದ್ದರೆ ಅದು ದುರ್ಗವನ್ನೇ ಬಿಟ್ಟುಕೊಡುತ್ತಿತ್ತು. ಆದರೆ ನಾಯಕನ ಮೀಸೆಯನ್ನು ಅವರು ಉಸಿರು ಬಿಗಿಹಿಡಿದು ಎಳೆಯುತ್ತಿದ್ದರು. ಆಗ ಸುತ್ತ ನಿಂತ ನಾವೂ ಉಸಿರಾಡುತ್ತಿರಲಿಲ್ಲ.

ಈಗ ಫ್ಲೆಕ್ಸ್. ಹುಟ್ಟುಹಬ್ಬದ ಹುಡುಗ ಕೇಕು ಕತ್ತರಿಸುವ ಮೊದಲೇ ಸರ್ಕಲ್ಲಿನಲ್ಲಿ ಕಿರೀಟ ಇಟ್ಟು ಕತ್ತಿ ಎತ್ತಿರುತ್ತಾನೆ. ಊರ ಹಬ್ಬಕ್ಕೆ ಮದಕರಿಯದೊಂದು ಚಿತ್ರ ಬೇಕಾಗಿತ್ತೆಂದು ಫ್ಲೆಕ್ಸ್ ಅಂಗಡಿಗೆ ಹೋಗಿ ಕೇಳಿದೆ. ಹುಡುಗ ಮೌಸ್ ಬಿಡದೆ ಹೇಳಿದ: "ಮೈ ನಮ್ಮತ್ರ ರೆಡಿ ಐತೆ ಸಾರ್, ಮುಖ ಯಾರ್ದು ಹಾಕ್ಬೇಕು ಹೇಳಿ. ಕುದ್ರೆ ಬೇಕಂದ್ರೆ ನೂರ್ ರೂಪಾಯಿ ಜಾಸ್ತಿ."